ನಾಲ್ಕು ಇಟ್ಟಿಗೆ, ಒಂದು ಸಹಿ

ಮುರಳೀಧರ ಅಂಕಲ್ ಅವರನ್ನು ನಾನು ಇನ್ನೇನು ಕೊಂದೇಬಿಡುತ್ತಿದ್ದೆ. ಅದೂ ಸಹಿ ಹಾಕಿ.

ದೆಹಲಿಯ ದ್ವಾರಕಾ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ ಅವರ ಮನೆ. ಅಲ್ಲಿನ ಒಂದು ಕೋಣೆಯಲ್ಲಿ ಬಾಡಿಗೆಗೆ ನಾನು, ಅನೀಶ್. ಗುರುಗ್ರಾಮದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ನನ್ನದು. ಬೇರೆಯವರು ಮಾಡಿದ್ದು ಸರಿಯಿದೆಯೇ ಎಂದು ನೋಡಿ, ಪಟ್ಟಿಯಲ್ಲಿ ಟಿಕ್ ಹಾಕಬೇಕು. ನೋಡಲು ಸಮಯವಿಲ್ಲದ ದಿನ ಟಿಕ್ ಮಾತ್ರ ಹಾಕುತ್ತೇನೆ. ಮೂರು ವರ್ಷದಲ್ಲಿ ಒಮ್ಮೆ ‘ತಿಂಗಳ ಉತ್ತಮ ಉದ್ಯೋಗಿ’ಯೂ ಆಗಿದ್ದೇನೆ.

ಅಂಕಲ್ ಚಿತ್ರದುರ್ಗದ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕಡತ ನೋಡಿ ನಿವೃತ್ತರಾದವರು. ಈಗ ಅವರ ಕೈಯಲ್ಲಿ ಉಳಿದಿರುವುದು ಒಂದೇ ಕಡತ: ಹದಿಮೂರು ವರ್ಷದ ಅವರ ಎಸ್‌ಯುವಿಯದು. ಡೀಸೆಲ್ ಆಗಿದ್ದರೆ ಅದು ಹತ್ತು ವರ್ಷಕ್ಕೇ ದೆಹಲಿಯಿಂದ ಗಡೀಪಾರಾಗುತ್ತಿತ್ತು. ಪೆಟ್ರೋಲ್ ಗಾಡಿಗೆ ಹದಿನೈದರ ಮಿತಿ ಆದ್ದರಿಂದ ಇನ್ನೆರಡು ವರ್ಷ ಆಯಸ್ಸು. ಗಾಡಿಯ ಪ್ರತಿ ಕಾಯಿಲೆಗೂ ಕಡತದಲ್ಲಿ ಒಂದು ಹಾಳೆ. “ದಿನಾಂಕ ಹನ್ನೆರಡರಂದು ವಾಹನವು ಚಾಲೂ ಆಗಲು ನಿರಾಕರಿಸಿತು. ಪರಿಶೀಲಿಸಲಾಗಿ, ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಂಡುಬಂದಿದೆ. ಬಿಸಿನೀರಿನಿಂದ ತೊಳೆಯಲಾಯಿತು. ವಿಷಯ ಮುಕ್ತಾಯ.” ಕೆಳಗೆ ಅವರ ಸಹಿ. ನಾನು ಬಂದ ಮೇಲೆ ಪಕ್ಕದಲ್ಲಿ ಇನ್ನೊಂದು ಸಹಿಗೆ ಜಾಗ ಹುಟ್ಟಿಕೊಂಡಿತು.

ಗಾಡಿ ಅವರಿಗೆ ಶೋಕಿಯಲ್ಲ. ಸುಶೀಲಾ ಆಂಟಿಗೆ ಸೊಂಟದ ಕೀಲಿನ ಆಪರೇಷನ್ ಆಗಿ ಆರು ವಾರವಾಗಿತ್ತು. ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆಟೋ, ಸಣ್ಣ ಕಾರು ಎಲ್ಲವೂ ತಗ್ಗು. ಈ ಗಾಡಿಯ ಸೀಟು ಮಾತ್ರ ಅವರ ಸೊಂಟಕ್ಕೆ ಸರಿಯಾದ ಎತ್ತರ. ಆ ಸೋಮವಾರ ಹನ್ನೊಂದಕ್ಕೆ ಡಾಕ್ಟರನ್ನು ಕಾಣಬೇಕಿತ್ತು. ತಪ್ಪಿದರೆ ಅವರು ರಜೆ ಮುಗಿಸಿ ಬರುವವರೆಗೆ, ಇನ್ನೊಂದು ತಿಂಗಳು, ಆಂಟಿ ವಾಕರ್ ಹಿಡಿದುಕೊಂಡೇ ಇರಬೇಕು.

ಶನಿವಾರದಿಂದ ಗಾಡಿ ಒಂದನೇ ಗೇರಿನಲ್ಲಿ ಹೊರಟಾಗಲೆಲ್ಲ ಹೊಟ್ಟೆಯ ಕೆಳಗಿಂದ ‘ಟಣ್’ ಎನ್ನುತ್ತಿತ್ತು. ಮಾರ್ಕೆಟ್ಟಿನ ಮೆಕ್ಯಾನಿಕ್ ಬಗ್ಗಿಯೂ ನೋಡದೆ, “ಪೂರಾ ಶಾಫ್ಟ್ ಜಾಯೇಗಾ, ತೀನ್ ದಿನ್ ಛೋಡ್ ದೋ” ಎಂದಿದ್ದ; ಇಡೀ ಶಾಫ್ಟ್ ಬದಲಿಸಬೇಕು, ಮೂರು ದಿನ ಬಿಟ್ಟುಹೋಗಿ ಎಂದು. ಭಾನುವಾರ ಅಂಕಲ್ ತಾವೇ ಬಗ್ಗಿದರು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಕಬ್ಬಿಣದ ಶಾಫ್ಟಿನ ಕೀಲಿನ ಸುತ್ತ ಕೆಂಪು ತುಕ್ಕಿನ ಪುಡಿ ಇತ್ತು.

“ಇದಕ್ಕೂ ನಿಮ್ಮ ಆಂಟಿಗೂ ಒಂದೇ ಕಾಯಿಲೆ ಕಣಯ್ಯ,” ಎಂದರು. “ಕೀಲು ಒಣಗಿದೆ. ಗ್ರೀಸ್ ತುಂಬಿದ್ರೆ ನಾಳೆ ಹೋಗಿಬರಬಹುದು.”

“ನನ್ನನ್ನ ಯಾಕ್ರೀ ಗಾಡಿ ಜೊತೆ ಸೇರಿಸ್ತೀರಾ?” ಬಾಲ್ಕನಿಯಿಂದ ಆಂಟಿ. “ನಂಗೆ ಹೊಸ ಬಿಡಿಭಾಗ ಹಾಕಿದಾರೆ. ನಿಮ್ಮದೇ ಹಳೇ ಮಾಡೆಲ್.”

ಸೋಮವಾರ ಬೆಳಗ್ಗೆ ಎಂಟೂವರೆಗೆ ಬಾಲ್ಕನಿಯ ಮುಂದಿನ ಪಾರ್ಕಿಂಗಿನಲ್ಲಿ ಕೆಲಸ ಶುರು. ಗ್ರೀಸ್ ತುಂಬುವ ತೂತು ಮೇಲ್ಮುಖವಾಗಿ ಕೂತಿತ್ತು. ಅದನ್ನು ಕೆಳಕ್ಕೆ ತರಲು ಶಾಫ್ಟ್ ತಿರುಗಬೇಕು. ಶಾಫ್ಟ್ ತಿರುಗಲು ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕನ್ನೂ ಬಿಡಬೇಕು. ಆಮೇಲೆ ಗಾಡಿಯನ್ನು ಹಿಡಿದಿಡಲು ಮುಂದಿನ ಚಕ್ರಗಳ ಇಟ್ಟಿಗೆಗಳನ್ನು ಬಿಟ್ಟರೆ ಬೇರೇನೂ ಇಲ್ಲ. ನೆಲವೋ ಮಳೆನೀರು ಹೋಗಲೆಂದು, ಗಾಡಿ ಮುಖ ಮಾಡಿದ್ದ ಗೇಟಿನ ಕಡೆ ಇಳಿಜಾರು. ಅದಕ್ಕೇ ಅಂಕಲ್ ಹಾಳೆಯಲ್ಲಿ ಬರೆದಿದ್ದರು: ಮುಂದಿನ ಎರಡೂ ಚಕ್ರಗಳಿಗೆ ಹಿಂದೊಂದು ಮುಂದೊಂದು, ಒಟ್ಟು ನಾಲ್ಕು ಇಟ್ಟಿಗೆ. ಜವಾಬ್ದಾರಿ: ಅನೀಶ್.

ಎಡಚಕ್ರಕ್ಕೆ ಎರಡು ಇಟ್ಟೆ. ಅದರಲ್ಲಿ ಮುಂದಿನದು ಅರ್ಧ ಇಟ್ಟಿಗೆ. ಉಳಿದೆರಡಕ್ಕೆ ನನ್ನ ಕೋಣೆಯ ಕೂಲರಿನ ಕೆಳಗೆ ನಾಲ್ಕು ಇಟ್ಟಿಗೆಗಳಿದ್ದವು. ತರಲು ಹೊರಟೆ, ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ಆಫೀಸಿನ ಕಾಲ್ ಶುರುವಾಯಿತು. ಮ್ಯಾನೇಜರ್ ನನ್ನ ಹೆಸರು ಕೂಗಿದ. ನಿನ್ನೆಯ ಕೆಲಸವೆಲ್ಲ ಆಗಿದೆ ಎಂದೆ, ಆಗಿರಲಿಲ್ಲ. ಅದೇ ಉಸಿರಿನಲ್ಲಿ ಬಾನೆಟ್ ಮೇಲಿದ್ದ ಹಾಳೆಗೂ ಟಿಕ್ ಹಾಕಿ ಸಹಿ ಗೀಚಿದೆ. ಕಾಲ್ ಮುಗಿದ ಮೇಲೆ ಇಟ್ಟಿಗೆ ತಂದರಾಯಿತಲ್ಲ!

ಅಂಕಲ್ ಹಿಂದಿನ ಎಡಚಕ್ರವನ್ನು ಜಾಕಿನಿಂದ ಏರಿಸಿ, ಕೆಳಗೆ ಮುಕ್ಕಾಲಿ ಸ್ಟ್ಯಾಂಡ್ ಕೊಟ್ಟು ಬಂದರು. ಹಾಳೆ ನೋಡಿದರು. ಚಕ್ರ ನೋಡಲಿಲ್ಲ. ನೆಲಕ್ಕೆ ರಟ್ಟು ಹಾಸಿ, ಗ್ರೀಸ್ ಗನ್ ಹಿಡಿದು, ಸೊಂಟದವರೆಗೆ ಗಾಡಿಯ ಕೆಳಗೆ ಸರಿದುಹೋದರು.

“ಚಕ್ರ ತಿರುಗಿಸಪ್ಪಾ. ನಿಧಾನ.”

ಎತ್ತಿದ ಚಕ್ರವನ್ನು ತಿರುಗಿಸಿದೆ.

“ಇನ್ನೂ ಸ್ವಲ್ಪ.”

ಬಿಗಿಯಾಗಿತ್ತು. ಕಾಲು ಊರಿ ಜಗ್ಗಿದೆ. ಮುಂದೆಲ್ಲೋ ‘ಕರ್’ ಎಂದಿತು. ತಲೆಯೆತ್ತಿದೆ. ಅರ್ಧ ಇಟ್ಟಿಗೆ ಧೂಳಿನ ಮೇಲೆ ಜಾರುತ್ತಿತ್ತು. ಒಂದು ಬೆರಳು. ನಿಂತಿತು. ಮತ್ತೆ ಅರ್ಧ ಬೆರಳು. ನನ್ನ ಕಣ್ಣೆದುರೇ ಸ್ಟ್ಯಾಂಡಿನ ಒಂದು ಕಾಲು ನೆಲ ಬಿಟ್ಟಿತು.

“ಅನೀಶ್! ಗಾಡಿ!” ಆಂಟಿ ಕಿರುಚಿದರು.

ಹ್ಯಾಂಡ್‌ಬ್ರೇಕ್ ಎಳೆಯಬೇಕೆಂದರೆ ಸುತ್ತಿ ಆಚೆ ಬದಿಯ ಡ್ರೈವರ್ ಬಾಗಿಲಿಗೆ ಓಡಬೇಕು. ನಾಲ್ಕು ಹೆಜ್ಜೆ ಇರಬಹುದು. ಬಗ್ಗಿ ಅಂಕಲ್ ಕಣಕಾಲುಗಳನ್ನು ಹಿಡಿದೆ.

“ಹೊರಗೆ ಬನ್ನಿ ಅಂಕಲ್!”

“ಕಾರಣ?” ಕೆಳಗಿನಿಂದ ದನಿ ಬಂತು.

ಇಡೀ ಮೈಭಾರ ಹಿಂದಕ್ಕೆ ಬಿಟ್ಟು ಎಳೆದೆ. ರಟ್ಟಿನ ಸಮೇತ ಹೊಟ್ಟೆ ಬಂತು, ಎದೆ ಬಂತು, ಅಂಗಿಯ ಗುಂಡಿಯೊಂದು ಕಿತ್ತು ಹಾರಿತು. ತಲೆ ಹೊರಬಿದ್ದದ್ದೂ ಸ್ಟ್ಯಾಂಡ್ ಉರುಳಿದ್ದೂ ಒಂದೇ ಕ್ಷಣ. ಗಾಡಿ ಧೊಪ್ಪನೆ ಕೂತು, ಎರಡು ಮೊಳ ಮುಂದೆ ಉರುಳಿ, ಗಿಡದ ಪಾತಿಯ ಕಲ್ಲಿಗೆ ತಾಗಿ ನಿಂತಿತು. ನನ್ನ ಕಿವಿಯೊಳಗೆ ಯಾರೋ ಇನ್ನೂ ಈ ವಾರದ ಗುರಿಗಳನ್ನು ಓದುತ್ತಿದ್ದರು.

ಬಗ್ಗಿ ನೋಡಿದೆ. ಹಿಂದಿನ ಚಕ್ರಗಳ ನಡುವಿನ ಗುಂಡು ಕಬ್ಬಿಣಕ್ಕೂ ನೆಲಕ್ಕೂ ನಡುವೆ ಒಂದು ಗೇಣು. ಅಂಕಲ್ ಎದೆ ಅದಕ್ಕಿಂತ ದಪ್ಪ.

ಅವರು ಎದ್ದು ಕೂತು, ಕನ್ನಡಕ ಒರೆಸಿ, ಬಾನೆಟ್ ಮೇಲಿಂದ ಜಾರಿಬಿದ್ದಿದ್ದ ಹಾಳೆಯನ್ನು ಎತ್ತಿಕೊಂಡರು.

“ಇದು ನಿನ್ನ ಸಹಿ ತಾನೆ?”

“ಹೌದು ಅಂಕಲ್.”

“ಇಟ್ಟಿಗೆ ಎಷ್ಟಿಟ್ಟಿದ್ದೆ?”

“ಎರಡು.” ಅದೂ ಸುಳ್ಳೆನಿಸಿತು. “ಒಂದೂವರೆ.”

ಬೈಗುಳಕ್ಕೆ ಕಾದೆ. ಕಪಾಳಕ್ಕೆ ಬಿದ್ದಿದ್ದರೂ ಹಾಯಾಗಿರುತ್ತಿತ್ತು.

“ಅಚ್ಛಾ,” ಎಂದರು. “ನಮ್ಮ ಸೆಕ್ಷನ್ನಿಗೆ ಸೇತುವೆಗಳ ತಪಾಸಣಾ ವರದಿ ಬರ್ತಿದ್ವು. ಕೆಳಗಿನವರ ಸಹಿ ಇದ್ರೆ ನನ್ನ ಸಹಿ ಹಾಕಿ ಮೇಲಕ್ಕೆ ಕಳಿಸ್ತಿದ್ದೆ. ಒಂದು ದಿನಾನೂ ಹೋಗಿ ಒಂದು ಸೇತುವೆ ನೋಡಲಿಲ್ಲ.”

“ರೀ, ಆತ್ಮಕಥೆ ಆಮೇಲೆ,” ಎಂದರು ಆಂಟಿ. “ಡಾಕ್ಟ್ರೂ ಬೇಡ, ಏನೂ ಬೇಡ. ಒಳಗೆ ಬನ್ನಿ ಇಬ್ರೂ.”

“ಇನ್ನೂ ಒಂಬತ್ತು ಗಂಟೆ, ಸುಶೀಲಾ. ನಿನ್ನನ್ನ ಕರ್ಕೊಂಡು ಹೋಗ್ತೀನಿ,” ಎಂದು ಅಂಕಲ್ ಎದ್ದರು.

ಗಾಡಿಯನ್ನು ಮೊದಲಿನ ಜಾಗಕ್ಕೆ ತಂದೆವು. ಕೂಲರನ್ನು ನೆಲಕ್ಕಿಳಿಸಿ ಅದರ ಕೆಳಗಿದ್ದ ನಾಲ್ಕೂ ಇಟ್ಟಿಗೆ ತಂದೆ. ಅಂಕಲ್ ಒಂದೊಂದನ್ನೂ ತಾವೇ ಚಕ್ರಕ್ಕೆ ಒತ್ತಿ, ಒದ್ದು ನೋಡಿದರು. ಜಾಕ್ ಏರಿತು, ಕೆಳಗೆ ಮತ್ತೆ ಸ್ಟ್ಯಾಂಡ್ ಬಂತು. ಕೆಳಗೆ ಹೋಗಲು ಬಗ್ಗಿದರು. ಅವರ ಕೈಯಿಂದ ಗ್ರೀಸ್ ಗನ್ ಕಿತ್ತುಕೊಂಡೆ.

“ನಾನು ಹೋಗ್ತೀನಿ.”

ಬೇಡ ಎನ್ನುತ್ತಾರೆಂದುಕೊಂಡಿದ್ದೆ. ಎನ್ನಲಿಲ್ಲ. ನಾನು ಹೇಡಿ, ಸುತ್ತಲೂ ಹೋಗಿ ನಾಲ್ಕು ಇಟ್ಟಿಗೆಯನ್ನೂ ಮತ್ತೆ ಮುಟ್ಟಿ ಬಂದು ಮಲಗಿದೆ.

ಕೆಳಗೆ ಎಣ್ಣೆ, ತುಕ್ಕು, ಮೂಗಿಗೆ ತಾಗುವಷ್ಟು ಹತ್ತಿರ ಕಬ್ಬಿಣ. ಹೊರಗಿನಿಂದ ಅಂಕಲ್ ನಿಧಾನವಾಗಿ ಚಕ್ರ ತಿರುಗಿಸಿದರು. ತೂತು ಕೆಳಗೆ ಬಂತು. ಗನ್ನಿನ ಬಾಯಿ ಸಿಕ್ಕಿಸಿ ಒತ್ತಿದೆ. ಮೊದಲು ಏನೂ ಆಗಲಿಲ್ಲ. ಹತ್ತನೆಯ ಸಲಕ್ಕೆ ಕೀಲಿನ ಅಂಚಿನಿಂದ ಕೆಂಪು ಕೆಸರು, ಅದರ ಹಿಂದೆಯೇ ಹೊಸ ಗ್ರೀಸ್ ಹೊರಬಂತು. ಕೀಲನ್ನು ಹಿಡಿದು ಅಲುಗಾಡಿಸಿದೆ. ಸಡಿಲವಿರಲಿಲ್ಲ.

ಹೊರಬರುವ ಮುನ್ನ ಮುಂದಕ್ಕೆ ಕಣ್ಣು ಹಾಯಿಸಿದೆ. ಎಡಚಕ್ರದ ಮುಂದಿನ ಇಟ್ಟಿಗೆಗೆ ಒತ್ತಿಕೊಂಡು ಎರಡು ಪಾದಗಳಿದ್ದವು, ಹವಾಯಿ ಚಪ್ಪಲಿಯಲ್ಲಿ.

“ಅಂಕಲ್, ಪಕ್ಕಕ್ಕೆ ಬನ್ನಿ. ಉರುಳಿದ್ರೆ ನಿಮ್ಮ ಕಾಲೇ ಹೋಗತ್ತೆ.”

“ನೀನು ಮೊದಲು ಹೊರಗೆ ಬಾರಪ್ಪಾ,” ಎಂದರು. ಪಾದಗಳು ಅಲುಗಲಿಲ್ಲ.