ಕಸಿ ಪಾಪಣ್ಣನವರ ಅರಮನೆ

ಪಾಪಣ್ಣನವರು ಯಾವ ಮಾವಿನ ಮರವನ್ನೂ ತಲೆಯೆತ್ತಿ ನೋಡಿದವರಲ್ಲ. ಮರ ಕಂಡರೆ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಸಿ ಕಟ್ಟಿದ ಗಂಟನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. "ಕಾಯಿ ಸುಳ್ಳು ಹೇಳ್ತೈತೆ ಮೇಷ್ಟ್ರೇ, ಗಂಟು ಹೇಳಲ್ಲ" ಎನ್ನುವುದು ಊರಿನ ಮೇಷ್ಟರಾದ ನನಗೆ ಅವರು ಹೇಳುತ್ತಿದ್ದ ಮಾತು. ಯಲ್ದೂರಿನ ಸುತ್ತ ಅರ್ಧ ತೋಪುಗಳಿಗೆ ಕಸಿ ಕಟ್ಟಿದ್ದು ಅವರೇ. ತಂಗಿಯ ಮಗಳಿಗೆ ಗಂಡು ನೋಡಲು ಮುಳಬಾಗಿಲಿಗೆ ಹೋದವರು, ಉಪ್ಪಿಟ್ಟು ಬರುವುದರೊಳಗೆ ಹಿತ್ತಲಿನ ಮರ ನೋಡಿ ಬಂದು, "ಕಸಿ ಸೊಟ್ಟಗೈತೆ, ಈ ಸಂಬಂಧ ಬ್ಯಾಡ" ಎಂದು ಎದ್ದರು. ಆ ಹುಡುಗ ಈಗ ದೊಡ್ಡ ಅಧಿಕಾರಿ. ಮರ ಈಗಲೂ ಸೊಟ್ಟಗೇ ಇದೆ.

ಅವರಿಗಿದ್ದ ಹೆಮ್ಮೆ ಒಂದೇ. ಅವರ ತಾತನನ್ನು ಮೈಸೂರು ಅರಮನೆಗೆ ಕರೆಸಿ, ಅಲ್ಲಿನ ತೋಟದ ಮಾವಿಗೆ ಕಸಿ ಕಟ್ಟಿಸಿದ್ದರಂತೆ. "ಎಲ್ಲಾರೂ ಗೇಣೆತ್ತರಕ್ಕೆ ಕಟ್ತಾರೆ. ನಮ್ಮೋರ್ದು ಮೊಣಕಾಲಿಗೆ ಸರಿಯಾಗಿರ್ತೈತೆ. ನೋಡಿದ್ ತಕ್ಷಣ ಗೊತ್ತಾಗ್ತೈತೆ." ಟೀ ಅಂಗಡಿಯವರು ಇದನ್ನು ನಂಬದೆ, "ಬನ್ನಿ ಅರಮನೆಯೋರೇ" ಎಂದು ಬೆಂಚು ಒರೆಸಿ ಕೊಡುತ್ತಿದ್ದರು. ಕೊನೆಗೆ ನಾನೇ ಅವರನ್ನು ಮೈಸೂರಿಗೆ ಕರೆದೊಯ್ದೆ.

ದರ್ಬಾರು ಹಾಲಿನ ಕಂಬಗಳನ್ನು ನೋಡಿ, "ಬಣ್ಣ ಚೆನ್ನಾಗೈತೆ" ಎಂದರು. ಅರಮನೆಯ ಒಳಗೆ ಅವರಾಡಿದ್ದು ಅಷ್ಟೇ ಮಾತು. ಮುಂದಿನ ತೋಟದಲ್ಲಿ ಎರಡು ಹಳೆಯ ಮಾವು ಸಿಕ್ಕವು. ಕಾವಲಿನವನು ಹುಲ್ಲು ತುಳಿಯಬೇಡಿ ಎಂದು ಸೀಟಿ ಊದಿದ. ಇವರು ಚಪ್ಪಲಿ ಕೈಗೆ ತೆಗೆದುಕೊಂಡು ನಡೆದರು. ಎರಡೂ ಮರಗಳನ್ನು ಬುಡದಿಂದ ಎದೆಮಟ್ಟದವರೆಗೆ ಸವರಿ, ಮತ್ತೊಮ್ಮೆ ಸವರಿ, ಕೈ ಒರೆಸಿಕೊಂಡರು.

"ಮಾವಿನ ಓಟೆ ಬಿದ್ದು ತಾನಾಗೇ ಹುಟ್ಟಿದ್ ಮರ. ಕಸೀನೇ ಇಲ್ಲ."

ಬಸ್ಸಿಗೆ ಹೊತ್ತಾಗಿತ್ತು. ಮರುದಿನ ಟೀ ಅಂಗಡಿಯಲ್ಲಿ, ಯಾರೂ ಕೇಳದಿದ್ದರೂ, "ನೋಡ್ದೆ ಕಣ್ರಪ್ಪಾ, ನಮ್ದಲ್ಲ" ಎಂದು ತಾವೇ ಹೇಳಿದರು. ಯಾರೂ ನಗಲಿಲ್ಲ. ಅಂಗಡಿಯವರು ಬೆಂಚು ಒರೆಸಿ ಕೊಡುವುದನ್ನೂ ಬಿಟ್ಟರು. ಯಾಕಾದರೂ ಕರೆದುಕೊಂಡು ಹೋದೆನೋ ಎಂದು ನನಗೆ ಸಂಕಟವಾಯಿತು.

ಕೊನೆಯ ಸಲ ನೋಡಲು ಹೋದಾಗ ಅವರು ಹಾಸಿಗೆ ಹಿಡಿದಿದ್ದರು. "ಪಾಪಣ್ಣೋರೇ, ಅರಮನೆ ಹಿಂದ್ಗಡೆ ತೋಟ ನಾವು ನೋಡ್ಲೇ ಇಲ್ಲ. ಹುಷಾರಾಗಿ, ಇನ್ನೊಂದ್ಸಲ ಹೋಗ್ಬರೋಣ" ಎಂದೆ.

"ಬ್ಯಾಡ ಮೇಷ್ಟ್ರೇ. ಅದನ್ನೂ ನೋಡ್ಬಿಟ್ರೆ ನಮ್ ತಾತ ಎಲ್ಲಿಗೆ ಹೋಗ್ಬೇಕು?"

ಅವರು ತೀರಿಕೊಂಡ ಮೇಲೆ ನಾನು ಎರಡು ಸಲ ಮೈಸೂರಿಗೆ ಹೋಗಿದ್ದೇನೆ. ಎರಡು ಸಲವೂ ಅರಮನೆಯ ಮುಂದಿನ ತೋಟವನ್ನಷ್ಟೇ ನೋಡಿಕೊಂಡು ಬಂದೆ.