ಮೆಟ್ಟಿಲಿಗೆ ಹಚ್ಚಿದ ಹಳದಿ

ಅಮ್ಮನ ಕಣ್ಣಿನ ನರ ಸೊರಗುತ್ತಾ ಬಂದಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದಿದ್ದನ್ನು ಔಷಧಿ ಹಾಕಿಕೊಂಡು ಕಾಪಾಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ ದಿನ ನಾವಿಬ್ಬರೂ ಆಟೋದಲ್ಲಿ ಮನೆಗೆ ಬಂದೆವು. ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಬೀದಿಯ ತಿರುವು ಬಂದಾಗ ಅಮ್ಮ ಕೇಳಿದ್ದು ಒಂದೇ ಮಾತು.

"ಇನ್ಮೇಲೆ ಕರಿಬೇವು ಕಿತ್ಕೊಂಡ್ ಬರಕ್ಕೂ ನಿನ್ನೇ ಕರೀಬೇಕಾ?"

ಕರಿಬೇವಿನ ಗಿಡ ಇರುವುದು ನಮ್ಮ ಹಿತ್ತಲಲ್ಲಿ. ಅಡುಗೆಮನೆಯ ಹಿಂಬಾಗಿಲ ಹೊಸಿಲು ದಾಟಿದರೆ ಒಂದು ಪುಟ್ಟ ಕಟ್ಟೆ, ಅಲ್ಲಿಂದ ನಾಲ್ಕು ಮೆಟ್ಟಿಲು ಇಳಿದರೆ ಎಡಕ್ಕೆ ಗಿಡ. ಒಗ್ಗರಣೆಗೆ ಎಣ್ಣೆ ಇಟ್ಟ ಮೇಲೆಯೇ ಅಮ್ಮ ಹಿತ್ತಲಿಗೆ ಹೊರಡುವುದು. ಸಾಸಿವೆ ಸಿಡಿಯುವ ಹೊತ್ತಿಗೆ ಎಸಳು ಹಿಡಿದು ಒಲೆಯ ಮುಂದೆ ನಿಂತಿರುತ್ತಿದ್ದಳು. ಮೊದಲೇ ಕಿತ್ತು ಡಬ್ಬಿಯಲ್ಲಿಟ್ಟ ಕರಿಬೇವು ಅವಳ ಪಾಲಿಗೆ ಕರಿಬೇವೇ ಅಲ್ಲ. ಎಪ್ಪತ್ತೆಂಟು ವರ್ಷದ ಹೆಂಗಸಿಗೆ ತನ್ನದು ಅಂತ ಉಳಿದಿದ್ದ ಓಡಾಟ ಅದೊಂದೇ. ಅದೂ ಹೋದರೆ ಅವಳು ಕುರ್ಚಿ ಹಿಡಿದು ಕೂತುಬಿಡುತ್ತಾಳೆ ಎಂಬ ಭಯ ನನಗೆ ಆಟೋದಲ್ಲೇ ಹುಟ್ಟಿತು.

ಮೆಟ್ಟಿಲಿನ ಅಂಚಿಗೆ, ಬಾಗಿಲಿಗೆ, ಸ್ವಿಚ್ಚಿನ ಸುತ್ತ ಎದ್ದು ಕಾಣುವ ಬಣ್ಣ ಹಚ್ಚಿದರೆ ಅನುಕೂಲ ಎಂದು ಡಾಕ್ಟರು ಹೇಳಿದ್ದರು. ಆ ಕೆಲಸಕ್ಕೆ ನಾನು ಯಾರನ್ನೂ ಕರೆಯಲಿಲ್ಲ. ಅಪ್ಪ ಬದುಕಿದ್ದಷ್ಟು ದಿನ ಗೌರಿ ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆದದ್ದು ಅವರೇ. ಕಡಕೊಳದ ಕಾರ್ಖಾನೆಯಲ್ಲಿ ಆರು ದಿನ ದುಡಿದು ಭಾನುವಾರ ಬನಿಯನ್ನಿನಲ್ಲಿ ಏಣಿ ಹತ್ತುತ್ತಿದ್ದರು. ಯಾವುದಕ್ಕೆ ಹೇಗೆ ಹಚ್ಚಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದಲೇ. ಮರ ಬಣ್ಣ ಕುಡಿಯುತ್ತದೆ, ಮೊದಲ ಕೋಟು ತೆಳ್ಳಗಿರಲಿ. ಕಬ್ಬಿಣ ಕುಡಿಯುವುದಿಲ್ಲ, ತುಕ್ಕು ಉಜ್ಜದೆ ಮೇಲೆ ಬಳಿದರೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಗೋಡೆ ಹೇಳಿದ ಹಾಗೆ ಕೇಳುತ್ತದೆ. ನೆಲ ಮಾತ್ರ ಮೊಂಡು; ದಿನವೂ ನೀರು, ದಿನವೂ ಕಾಲು, ಅದಕ್ಕೆ ಎಷ್ಟು ಉಪಚಾರ ಮಾಡಿದರೂ ಸಾಲದು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಕೆಲಸ ಅಚ್ಚುಕಟ್ಟು. ಮೊದಲ ವಾರ ಬಚ್ಚಲಮನೆಯ ಬಾಗಿಲಿಗೆ ಕಡು ನೀಲಿ ಹಚ್ಚಿದೆ; ಬೂದು ಗೋಡೆಯಲ್ಲಿ ಬೂದು ಬಾಗಿಲು ಅಮ್ಮನಿಗೆ ಕಾಣದೆ ಅವಳು ಗೋಡೆ ತಡವುತ್ತಿದ್ದಳು. ಬಿಳಿ ಸ್ವಿಚ್ಚುಗಳ ಸುತ್ತ ಕಾಫಿ ಬಣ್ಣದ ಚೌಕ ಬರೆದೆ. ಹಿತ್ತಲ ಗೇಟಿನ ಚಿಲಕವನ್ನು ಉಜ್ಜಿ ಕೆಂಪು ಮಾಡಿದೆ. ಒಣಗಿದ್ದನ್ನೆಲ್ಲ ಅಮ್ಮ ಸವರಿ ನೋಡುತ್ತಿದ್ದಳು. ನಿಮ್ಮಪ್ಪನ ಕೈ ನಿನಗೂ ಬಂದಿದೆ ಅಂದಳು. ಆ ಮಾತಿಗೆ ನಾನು ಉಬ್ಬಿಹೋದೆ.

ಕೊನೆಗೆ ಮೆಟ್ಟಿಲು. ಕೆಂಪು ಗಾರೆಯ ಮೆಟ್ಟಿಲುಗಳು, ಕೆಳಗಿನ ಮಣ್ಣೂ ಕೆಂಪು. ಎಲ್ಲಿ ಮೆಟ್ಟಿಲು ಮುಗಿಯುತ್ತದೆ, ಎಲ್ಲಿ ಗಾಳಿ ಶುರುವಾಗುತ್ತದೆ ಎಂದು ನನಗೇ ಮುಸ್ಸಂಜೆಯಲ್ಲಿ ತಿಳಿಯುತ್ತಿರಲಿಲ್ಲ. ಸೋಪಿನಲ್ಲಿ ತಿಕ್ಕಿ, ಎರಡು ದಿನ ಒಣಗಿಸಿ, ಟೇಪು ಅಂಟಿಸಿ, ಕಟ್ಟೆಯ ಅಂಚಿಗೂ ಪ್ರತಿ ಮೆಟ್ಟಿಲಿನ ಅಂಚಿಗೂ ನಾಲ್ಕು ಬೆರಳಗಲ ಹಳದಿ ಎನಾಮಲ್ ಎಳೆದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಎದ್ದು ಕಂಡ ಬಣ್ಣ ಅದು. ಎರಡನೇ ಕೋಟೂ ಆಯಿತು. ದೂರ ನಿಂತು ನೋಡಿದೆ. ಸ್ಕೇಲು ಹಿಡಿದು ಎಳೆದಷ್ಟು ನೇರವಾಗಿತ್ತು. ಹಳದಿ ಕಂಡಲ್ಲಿ ಮೆಟ್ಟಿಲು ಇದೆ ಎಂದು ಅಮ್ಮನಿಗೆ ಹತ್ತು ಸಲ ಹೇಳಿದೆ. ಹತ್ತು ಸಲವೂ ಹೂಂ ಅಂದಳು.

ಬಣ್ಣ ಪೂರ್ತಿ ಒಣಗಿದ ನಾಲ್ಕನೆಯ ದಿನ ಬೆಳಿಗ್ಗೆ ಎಣ್ಣೆ ಇಟ್ಟು ಅಮ್ಮ ಮೊದಲ ಸಲ ಹೊರಟಳು. ನಾನು ಹಿಂದೆಯೇ ಬಾಗಿಲಲ್ಲಿ ನಿಂತೆ, ಕೈ ಕೊಡಲಿಲ್ಲ. ಕೈ ಬೇಡದಿರಲಿ ಎಂದೇ ಇಷ್ಟೆಲ್ಲ ಮಾಡಿದ್ದು. ಹೊಸಿಲು ದಾಟಿದಳು. ಕಟ್ಟೆಯ ಅಂಚಿಗೆ ಬಂದು ನಿಂತಳು. ತಲೆ ಬಗ್ಗಿಸಿ ಹಳದಿಯನ್ನು ನೋಡಿದಳು. ಕಂಡಿತು ಎಂದು ನನ್ನ ಎದೆ ಹಗುರಾಯಿತು. ಅಮ್ಮ ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿ ಹಿಡಿದು, ಕಾಲನ್ನು ಎತ್ತರಕ್ಕೆ ಎತ್ತಿ, ಹಳದಿಯ ಆಚೆಗೆ ಇಟ್ಟಳು. ಆಚೆಗೆ ಏನೂ ಇರಲಿಲ್ಲ.

ನಾಲ್ಕೂ ಮೆಟ್ಟಿಲು ಉರುಳಿ ಕೆಳಗೆ ಬಿದ್ದಳು. ಓಡಿ ಹೋದ ನನ್ನ ಬಾಯಿಂದ ಮೊದಲು ಬಂದ ಮಾತನ್ನು ಇಲ್ಲಿ ಬರೆಯುವುದಕ್ಕೂ ಕೈ ತಡೆಯುತ್ತದೆ. ಮಕ್ಕಳು ಬೆಂಚಿಗೆ ಎಡವಿದಾಗ, ರಸ್ತೆಯಲ್ಲಿ ಯಾರೋ ಮೈಮೇಲೆ ಸೈಕಲ್ ತಂದಾಗ, ದಿನಕ್ಕೆ ಹತ್ತು ಸಲ ಆಡಿ ರೂಢಿಯಾದ ಮಾತು.

"ಕಣ್ ಕಾಣ್ಸಲ್ವಾ ನಿಂಗೆ?"

ಅಮ್ಮ ಬಲಗೈಯನ್ನು ಎದೆಗೆ ಒತ್ತಿಕೊಂಡು ಮಣ್ಣಿನಲ್ಲಿ ಕೂತಿದ್ದಳು. ಅಳಲಿಲ್ಲ.

"ಕಾಣುಸ್ತು ಕಣೇ," ಅಂದಳು. "ಅರಿಶಿಣ ಕಾಣುಸ್ತು. ಅದ್ನ ಎಂಗೆ ತುಳೀಲಿ?"

ಒಳಗೆ ಎಣ್ಣೆ ಹೊಗೆಯಾಡುತ್ತಿತ್ತು.

ಹೊಸಿಲು ಅಮ್ಮನ ಬಾಯಲ್ಲಿ ‘ಒಸ್ಲು’. ಬುದ್ಧಿ ಬಂದಾಗಿನಿಂದ ಅವಳು ಒಸ್ಲು ತೊಳೆದು ಅರಿಶಿಣ ಬಳಿದವಳು. ಅಪ್ಪ ತೀರಿಕೊಂಡ ಮೇಲೆ ನೆಂಟರೊಬ್ಬರು ಇನ್ನು ಅದನ್ನೆಲ್ಲ ಮಗಳು ಮಾಡಲಿ ಎಂದಾಗ, ಒಸ್ಲಿಗೇನು ಗಂಡ ಸತ್ತಿದ್ದಾನಾ ಎಂದು ಕೇಳಿ ಬಾಯಿ ಮುಚ್ಚಿಸಿದ್ದಳು. ಹಿಂಬಾಗಿಲ ಹೊಸಿಲಿನ ಹಲಗೆ ಸಡಿಲವಾಗಿ, ಯಾರಾದರೂ ಮೆಟ್ಟಿದರೆ ಕಿರ್ ಎನ್ನುತ್ತಿತ್ತು. ಚಿಕ್ಕವಳಿದ್ದಾಗ ಆ ಸದ್ದಿಗೆ ಅಮ್ಮ ಎಲ್ಲಿದ್ದರೂ ನನಗೆ ಬೈಗುಳ ಬೀಳುತ್ತಿತ್ತು. ಹಳದಿ ಕಂಡರೆ ಎತ್ತಿ ದಾಟಬೇಕು, ಕಾಲು ಸೋಕಬಾರದು. ಇದು ನನಗೆ ಗೊತ್ತಿರಲಿಲ್ಲವೆ? ನಾನೂ ದಾಟಿಯೇ ಬೆಳೆದವಳು. ಆದರೂ ಡಬ್ಬಿ ಆರಿಸುವಾಗ ಒಮ್ಮೆಯೂ ಹೊಳೆಯಲಿಲ್ಲ. ಗೆರೆ ನೇರ ಬಂತೇ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರು. ಕರಿಬೇವು ಕೀಳಲು ನನ್ನನ್ನು ಕರೆಯಬೇಕಾದೀತೆಂದು ಅಂಜಿದ್ದವಳಿಗೆ ಈಗ ಅನ್ನ ಕಲೆಸಲು, ತಲೆ ಬಾಚಲು, ಸೀರೆ ಉಡಲು ನಾನೇ ಬೇಕಾದೆ. ನಾನು ಕ್ಷಮೆ ಕೇಳಲು ಬಾಯಿ ತೆರೆದಾಗಲೆಲ್ಲ ಸಾರಿಗೆ ಉಪ್ಪು ಕಡಿಮೆ ಎಂದೋ, ಬಾಗಿಲು ಹಾಕಿದ್ದೀಯಾ ಎಂದೋ ಮಾತು ತಿರುಗಿಸುತ್ತಿದ್ದಳು. ಒಮ್ಮೆ ಮಾತ್ರ, ತುತ್ತು ಬಾಯಿಗಿಡುವಾಗ ತಾನಾಗಿ ಹೇಳಿದಳು.

"ಅದು ಮೆಟ್ಲು ಅಂತ ತಲೇಗೆ ಗೊತ್ತಿತ್ತು ಕಣೇ. ಕಾಲಿಗೆ ಗೊತ್ತಿರ್ಲಿಲ್ಲ."

ನಾನು ಮುಂದಿನ ತುತ್ತು ಕಲೆಸಿದೆ.

ಹಳದಿಯನ್ನು ಕೆರೆಯಲು ಎರಡು ದಿನ ಹಿಡಿಯಿತು. ಅಷ್ಟು ಚೆನ್ನಾಗಿ ಹಚ್ಚಿದ್ದೆ. ಈ ಸಲ ನಾನೇ ಬಣ್ಣ ಆರಿಸಲಿಲ್ಲ. ಒಡೆದ ಟೈಲ್ಸ್ ಚೂರುಗಳಿಗೆ ಒಂದೊಂದು ಬಣ್ಣ ಹಚ್ಚಿ, ಕಿಟಕಿಯ ಬಳಿ ಕೂತ ಅಮ್ಮನ ಮುಂದೆ ಕೆಂಪು ನೆಲದ ಮೇಲೆ ಜೋಡಿಸಿದೆ. ಅವಳು ಕತ್ತು ವಾರೆ ಮಾಡಿ ಒಂದೊಂದನ್ನೇ ನೋಡಿದಳು. ಹಸಿರು ಕಾಣಲಿಲ್ಲ. ನೀಲಿ ಕಪ್ಪಾಗಿ ಕಂಡಿತು. ಬಿಳಿಯ ಮೇಲೆ ಎಡಗೈ ಇಟ್ಟು, ಇದು ಸುಣ್ಣ, ಇದನ್ನು ತುಳಿದರೆ ದೋಷವಿಲ್ಲ ಎಂದಳು. ಆಮೇಲೆ ಉಳಿದ ಹಳದಿಯನ್ನು ಬಿಸಾಡಬೇಡ, ಒಸ್ಲಿಗೆ ಹಚ್ಚು ಎಂದಳು. ಹಳದಿ ಕಂಡರೆ ಕಾಲು ಎತ್ತುತ್ತೇನೆ, ಬಿಳಿ ಕಂಡರೆ ಕಾಲು ಇಳಿಸುತ್ತೇನೆ, ನಿನ್ನ ಗಣಿತಕ್ಕಿಂತ ಇದು ಸುಲಭ ಎಂದು ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬಿಳಿ ಬಣ್ಣಕ್ಕೆ ನಾನು ಸಣ್ಣಗೆ ಜರಡಿ ಹಿಡಿದ ಮರಳು ಬೆರೆಸಿದೆ. ಒದ್ದೆಯಾದಾಗ ಎನಾಮಲ್ ಜಾರುತ್ತದೆ, ನೆಲಕ್ಕೆ ಹಚ್ಚುವಾಗ ಮರಳು ಮರೆಯಬಾರದು ಎಂದು ಅಪ್ಪ ಹೇಳುತ್ತಿದ್ದದ್ದು ಅಷ್ಟು ತಡವಾಗಿ ನೆನಪಾಯಿತು. ಹೊಸಿಲಿನ ಮರವನ್ನು ಮಾತ್ರ ನುಣ್ಣಗೆ ಉಜ್ಜಿ ಮೂರು ಕೋಟು ಹಳದಿ ಕೊಟ್ಟೆ.

ಪ್ಲಾಸ್ಟರು ಬಿಚ್ಚಿ ಎರಡು ವಾರಕ್ಕೆ ಅಮ್ಮ ಇಳಿದಳು. ಮೊದಮೊದಲು ನಾನು ಕೆಳಗಿನ ಮೆಟ್ಟಿಲಲ್ಲಿ ನಿಲ್ಲುತ್ತಿದ್ದೆ, ಅವಳು ಬೈದ ಮೇಲೆ ಬಿಟ್ಟೆ. ಒಂದೂವರೆ ವರ್ಷ ಅವಳ ಕರಿಬೇವಿನ ಓಡಾಟ ನಡೆಯಿತು. ಆಮೇಲೆ ಉಳಿದಿದ್ದ ದೃಷ್ಟಿಯೂ ಹೋಯಿತು. ನೀಲಿ ಬಾಗಿಲು, ಕಾಫಿ ಬಣ್ಣದ ಚೌಕ, ಕೆಂಪು ಚಿಲಕ ಎಲ್ಲ ಅವಳಿಗೆ ಒಂದೇ ಆಯಿತು. ನಾನು ಹಚ್ಚಿದ್ದರಲ್ಲಿ ಉಳಿದದ್ದು ಮೆಟ್ಟಿಲಿನ ಮರಳು. ಬರಿಗಾಲಿಗೆ ಮರಳು ತರಿತರಿ ಸಿಕ್ಕಿದಲ್ಲಿ ಅಂಚು ಎಂದು ಅವಳ ಕಾಲು ಅಷ್ಟರಲ್ಲಿ ಕಲಿತುಬಿಟ್ಟಿತ್ತು. ಹೊಸಿಲನ್ನು ಮಾತ್ರ ಬಗ್ಗಿ ಕೈಯಲ್ಲಿ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ದಾಟುತ್ತಾಳೆ. ಈಗ ಎಣ್ಣೆ ಇಡುವವಳು ನಾನು. ಕರಿಬೇವು ಅವಳೇ ತರುತ್ತಾಳೆ. ಸಾಸಿವೆ ಒಮ್ಮೊಮ್ಮೆ ಸೀದುಹೋಗುತ್ತದೆ, ನಾನು ಏನೂ ಅನ್ನುವುದಿಲ್ಲ.

ಅಮ್ಮ ಬಿದ್ದಾಗ ಬಾಯಿಂದ ಬಂದ ಆ ಮಾತನ್ನು ನಾನು ಆವತ್ತಿನಿಂದ ಯಾರಿಗೂ ಆಡಿಲ್ಲ. ರಸ್ತೆಯಲ್ಲಿ ಸ್ಕೂಟರಿನವನು ಮೈಗೆ ತಾಗಿಸಿಕೊಂಡು ಹೋದರೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅಮ್ಮ ಅದನ್ನು ಮರೆತಿದ್ದಾಳೆ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ.

ಕಳೆದ ವಾರ ತೊಳೆದ ಪಾತ್ರೆಗಳ ಬುಟ್ಟಿಯನ್ನು ಎರಡೂ ಕೈಯಲ್ಲಿ ಹೊತ್ತು ಹಿತ್ತಲಿನಿಂದ ಬರುತ್ತಿದ್ದೆ. ಬುಟ್ಟಿ ಅಡ್ಡವಾಗಿ ಕೆಳಗೆ ಕಾಣಲಿಲ್ಲ. ಕಾಲಡಿಯಲ್ಲಿ ಹೊಸಿಲಿನ ಹಲಗೆ ಕಿರ್ ಎಂದಿತು. ಒಳಗೆ ಮಣೆಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದಳು.

"ಒಸ್ಲು ತುಳಿದ್ಬುಟ್ಟಲ್ಲೇ. ಕಣ್ ಕಾಣಕಿಲ್ವಾ ನಿಂಗೆ?"

ನಾನು ಕಾಲು ಹಿಂದಕ್ಕೆ ತೆಗೆದೆ. ಬುಟ್ಟಿಯನ್ನು ಕಟ್ಟೆಯ ಮೇಲೆ ಇಳಿಸಿ, ಬಗ್ಗಿ ಹೊಸಿಲು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ದಾಟಿ ಒಳಗೆ ಬಂದೆ.