ಮಿಲಾನಿನ ನೆಲದ ಬಸವಣ್ಣ

ಹೊಸ ಚರ್ಮದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಇಲ್ಲಿ ಅಮೆರಿಕದ ಬೆಲ್‌ವ್ಯೂ ಮಾಲ್‌ನಲ್ಲಿ ದುಬಾರಿ ಬ್ಯಾಗಿನ ಅಂಗಡಿಗಳ ಮುಂದೆ ಹಾಯುವಾಗ ಉಸಿರು ಬಿಗಿಹಿಡಿದು ನಡೆಯುತ್ತೇನೆ. ಜೊತೆಗಿದ್ದವರು ಅಲರ್ಜಿಯಾ ಎಂದು ಕೇಳುತ್ತಾರೆ. ಹೌದು ಅನ್ನುತ್ತೇನೆ, ಮಿಲಾನಿನ ಅಲರ್ಜಿ. ಎಲ್ಲರೂ ಹೊಗಳಿ ಅಟ್ಟಕ್ಕೇರಿಸುವ ಆ ಊರನ್ನು ನಾನು ಒಂದೇ ಸಲ ನೋಡಿದ್ದು, ಹದಿಮೂರನೆಯ ವಯಸ್ಸಿನಲ್ಲಿ. ಇನ್ನೊಮ್ಮೆ ಪುಕ್ಕಟೆ ಕರೆದೊಯ್ದರೂ ಬರಲಾರೆ. ಅಲ್ಲಿನ ಅಮೃತಶಿಲೆಯ ಚರ್ಚು ನನಗೇನೂ ಮಾಡಿಲ್ಲ, ಅಲ್ಲಿನ ಜನರೂ ಏನೂ ಮಾಡಿಲ್ಲ, ಅದು ನನಗೆ ಗೊತ್ತು. ಆದರೆ ನಮ್ಮ ಮನೆ ಒಡೆಯಲು ಶುರುವಾದದ್ದು ಅಲ್ಲಿ, ಹಾಗಾಗಿ ನಾನು ಆ ಊರನ್ನೇ ಬೈಯುತ್ತೇನೆ. ನಿಮಗೂ ಕೈಬಿಟ್ಟುಹೋದ ಇಂಥದೊಂದು ಮನೆ ಇದ್ದರೆ, ಹೀಗೆ ಬೈಯಲು ಒಂದು ಊರಂತೂ ಇರುತ್ತದೆ.

ಕೆಂಟ್‌ನ ಗುಡ್ಡದ ಮೇಲಿದ್ದ ಆ ಮನೆಯಲ್ಲಿ ಎರಡು ಸಂಸಾರ, ಅಡುಗೆಮನೆ ಒಂದೇ. ಅಪ್ಪ, ಅವ್ವ, ನಾನು. ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ಅವನ ಹೆಂಡತಿ ಕಾಕು. ಎಲ್ಲರಿಗೂ ಮೇಲೆ ಅಜ್ಜಿ, ಅಪ್ಪನ ತಾಯಿ. ಅಮೆರಿಕಕ್ಕೆ ಬಂದೂ ಅಣ್ಣತಮ್ಮಂದಿರು ಒಂದೇ ಒಲೆಯ ಮೇಲೆ ಬೇಯಿಸಿ ಉಣ್ಣುವುದನ್ನು ಕಂಡು ನಮ್ಮ ಕನ್ನಡದ ಮಂದಿ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಬೆಳಗ್ಗೆ ಕಣಿವೆಯ ಗೋದಾಮುಗಳಿಗೆ ಟ್ರಕ್ಕುಗಳು ಇಳಿಯುವ ಗುಡುಗುಡು ಸದ್ದಿನ ನಡುವೆ ಅಜ್ಜಿ ರೊಟ್ಟಿ ಬಡಿಯುವ ಸದ್ದು ಕೇಳಿ ನನಗೆ ಎಚ್ಚರವಾಗುತ್ತಿತ್ತು. ಸುಟ್ಟ ಜೋಳದ ಹಿಟ್ಟಿನ ವಾಸನೆ ಮೆಟ್ಟಿಲು ಹತ್ತಿ ಬಂದು ನನ್ನ ಹೊದಿಕೆಯೊಳಗೆ ಸೇರುತ್ತಿತ್ತು. ಆಗಾಗ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತಿತ್ತು, ಅಪ್ಪ ಸ್ಟೂಲು ಹತ್ತಿ ಅದರ ಬಾಯಿ ಮುಚ್ಚಿಸುತ್ತಿದ್ದ. ಗದಗಿನಿಂದ ಐದು ವರ್ಷದವಳಾಗಿ ಬಂದ ನನ್ನ ಕನ್ನಡ ಉಳಿದದ್ದು ಅಜ್ಜಿಯಿಂದ; ಪರಾತದಲ್ಲಿ ಹರವಿದ ಹಿಟ್ಟಿನ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ಬರೆಸಿದವಳು ಅವಳು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ, ಇಲ್ಲಿ ಮಣ್ಣಿಗೆ ಎಲ್ಲಿ ಹೋಗುವುದು ಎಂದು ನನ್ನ ಆಟದ ಬಣ್ಣದ ಹಿಟ್ಟಿನಲ್ಲೇ ಜೋಡೆತ್ತು ಮಾಡುತ್ತಿದ್ದಳು, ಒಂದು ನೀಲಿ, ಒಂದು ಗುಲಾಬಿ. ಅವುಗಳ ಹಣೆಗೆ ವಿಭೂತಿ ಹಚ್ಚಿ ನನ್ನಿಂದ ಕೈಮುಗಿಸುತ್ತಿದ್ದಳು. ಅವಳಿಗೆ ಎತ್ತು ಅಂದರೆ ಬಸವಣ್ಣ, ಯಾವುದರಿಂದ ಮಾಡಿದ್ದು ಅನ್ನುವುದು ಲೆಕ್ಕಕ್ಕೇ ಇರಲಿಲ್ಲ.

ಕಾಕು ಬೆಂಗಳೂರಿನವಳು. ಬಟ್ಟೆ, ಬೂಟು, ಬ್ಯಾಗು ಅಂದರೆ ಪ್ರಾಣ. ಎರಡು ಸಾವಿರದ ಹದಿಮೂರರ ಬೇಸಿಗೆಯೋ ಹದಿನಾಲ್ಕರದೋ, ಎಲ್ಲರೂ ಸೇರಿ ಮಿಲಾನಿಗೆ ಹೋಗಲೇಬೇಕು ಎಂದು ಹಟ ಹಿಡಿದವಳು ಅವಳೇ. ಅವಳು ಕೆಟ್ಟವಳಲ್ಲ ಎಂದು ಇಲ್ಲಿ ಹೇಳಬೇಕೇನೋ. ಹೇಳಲು ನನಗೆ ಮನಸ್ಸಿಲ್ಲ. ಅಲ್ಲಿ ಆ ಅಮೃತಶಿಲೆಯ ಚರ್ಚಿನ ಚಾವಣಿ ಹತ್ತಿದಾಗ ಅಜ್ಜಿ ಚೆನ್ನಾಗಿಯೇ ಇದ್ದಳು, ಆ ಕಲ್ಲಿನ ಕುಸುರಿಯ ಮೇಲೆ ಕೈಯಾಡಿಸಿ ಎಷ್ಟು ಮಂದಿ ಕೂತು ಕಡೆದಿರಬೇಕೋ ಎಂದು ಮರುಗಿದಳು. ಕೆಳಗೆ ಇಳಿದ ಮೇಲೆ ಶುರುವಾಯಿತು ಅಂಗಡಿಗಳ ಮೆರವಣಿಗೆ. ಆ ಬೀದಿಗಳಲ್ಲಿ ಬಾಗಿಲು ಕಾಯುವವನಿಗೂ ಸೂಟು. ಇಳಕಲ್ ಸೀರೆಯ ಕೆಳಗೆ ವಾಕಿಂಗ್ ಶೂ ಹಾಕಿಕೊಂಡಿದ್ದ ಅಜ್ಜಿಯನ್ನು ಅವರು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಮೂರನೆಯ ಅಂಗಡಿಯಿಂದ ಆಚೆಗೆ ಕಾಕು ಅಜ್ಜಿಯನ್ನು ಹೊರಗೇ ಕೂರಿಸತೊಡಗಿದಳು, ಅತ್ತೆಗೆ ಕಾಲು ನೋವು ಅನ್ನುವ ನೆಪ. ಅಜ್ಜಿ ಹಾಗೆಂದು ಯಾರಿಗೂ ಹೇಳಿರಲಿಲ್ಲ. ಅವ್ವ ಊರಲ್ಲಿದ್ದ ನಾದಿನಿಯರಿಗೆ ಏನಾದರೂ ಕೊಳ್ಳಬೇಕೆಂದು ಒಳಗೆ ಹೋದಳು, ಗಂಡಸರು ಫುಟ್‌ಬಾಲ್ ಸ್ಟೇಡಿಯಂ ನೋಡಲು ಹೋಗಿದ್ದರು. ನಾವಿಬ್ಬರು ಕಲ್ಲುಬೆಂಚಿನ ಮೇಲೆ ಕೂತು ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಅಂಗಡಿಯ ಬಾಗಿಲು ತೆರೆದಾಗಲೆಲ್ಲ ಒಳಗಿನ ಚರ್ಮದ ವಾಸನೆ ಬಂದು ರೊಟ್ಟಿಯ ರುಚಿ ಕೆಡಿಸುತ್ತಿತ್ತು.

ಚರ್ಚಿನ ಮಗ್ಗುಲಿಗೇ ಗಾಜಿನ ಚಾವಣಿಯ ಹಳೆಯ ಶಾಪಿಂಗ್ ಬೀದಿಯಿದೆ. ಅದರ ನೆಲದಲ್ಲಿ ಬಣ್ಣದ ಕಲ್ಲು ಕೂರಿಸಿ ಒಂದು ಗೂಳಿಯ ಚಿತ್ರ ಮಾಡಿದ್ದಾರೆ. ಅದರ ತೊಡೆಸಂದಿಗೆ ಹಿಮ್ಮಡಿಯೂರಿ ಗಿರ್ರನೆ ತಿರುಗಿದರೆ ಅದೃಷ್ಟ ಬರುತ್ತದಂತೆ. ತುಳಿದು ತುಳಿದು ಅಲ್ಲೊಂದು ಕುಳಿಯೇ ಬಿದ್ದಿದೆ, ಅದಕ್ಕೊಂದು ಸಾಲು ಬೇರೆ. ರೊಟ್ಟಿ ತಿಂದು ನಾವಿಬ್ಬರೂ ಅತ್ತ ನಡೆದಾಗ, ಏನು ಮಾಡಾಕತ್ತಾರ ಇವ್ರು ಎಂದು ಅಜ್ಜಿ ಕೇಳಿದಳು, ನಾನು ಹೇಳಿದೆ. ಅವಳು ಸೀದಾ ಆ ಸಾಲಿನೊಳಗೆ ನುಗ್ಗಿ, ತಿರುಗಲು ನಿಂತಿದ್ದವನನ್ನು ಅಂಗೈ ತೋರಿಸಿ ತಡೆದಳು. ನೀರಿನ ಬಾಟಲಿಯಿಂದ ಗೂಳಿಯ ಮೇಲೆ ನೀರು ಸುರಿದು, ಮಂಡಿಯೂರಿ ಸೆರಗಿನಿಂದ ಒರೆಸಿ, ಸೊಂಟದ ಚೀಲದಿಂದ ವಿಭೂತಿ ತೆಗೆದು ಅದರ ಹಣೆಗೆ ಹಚ್ಚಿ, ತನ್ನ ಹಣೆಯನ್ನು ನೆಲಕ್ಕೆ ಹಚ್ಚಿದಳು. ಸುತ್ತಲಿನವರಲ್ಲಿ ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ಫೋನು ಎತ್ತಿದರು. ಅಷ್ಟರಲ್ಲಿ ಚೀಲಗಳನ್ನು ತೂಗಾಡಿಸಿಕೊಂಡು ಬಂದ ಕಾಕು, "ಅತ್ತೆ, ಏಳಿ ಪ್ಲೀಸ್, ಎಲ್ರೂ ನೋಡ್ತಿದಾರೆ" ಅನ್ನುತ್ತಲೇ ತಾನೂ ನಗುತ್ತ ಫೋನು ಹಿಡಿದಳು. ಒಬ್ಬ ಅಜ್ಜಿಯ ಪಕ್ಕದಲ್ಲಿ ಒಂದು ನಾಣ್ಯ ಎಸೆದ. ನಾನು ಅಜ್ಜಿಯ ರಟ್ಟೆ ಹಿಡಿದು ಎಬ್ಬಿಸಿದೆ. ನಾಲ್ಕು ಹೆಜ್ಜೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ನಿಮ್ಮಪ್ಪನ ಮುಂದ ಹೇಳಬ್ಯಾಡ ಯವ್ವಾ."

ನಾನು ಹೇಳಲಿಲ್ಲ. ಅಪ್ಪ ಅದನ್ನು ನೋಡಿದ್ದು ಮರ್ಸರ್ ಐಲ್ಯಾಂಡಿನ ಒಬ್ಬರ ಮನೆಯಲ್ಲಿ, ಗೋಡೆಯಷ್ಟು ದೊಡ್ಡ ಟಿವಿಯ ಮೇಲೆ. ನಮ್ಮವರಲ್ಲಿ ಯುರೋಪಿಗೆ ಹೋಗಿ ಬಂದವರು ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಮುಂದಿನ ಪಾಟ್‌ಲಕ್‌ನಲ್ಲಿ ಫೋಟೋ ತೋರಿಸಲೇಬೇಕು, ಉಳಿದವರು ಬಿಸಿಬೇಳೆಬಾತು ತಿನ್ನುತ್ತ ವಾವ್ ಅನ್ನಲೇಬೇಕು. ಕಾಕು ಚರ್ಚು ತೋರಿಸಿದಳು, ಕಾಲುವೆ ದಂಡೆಯ ಹೋಟೆಲು ತೋರಿಸಿದಳು, ಅಲ್ಲಿ ಕೊಂಡ ಬ್ಯಾಗಂತೂ ಹೆಗಲಲ್ಲೇ ಇತ್ತು. ಕೊನೆಗೆ, ಒಂದು ಫನ್ನಿ ವಿಡಿಯೋ ಇದೆ ನೋಡಿ ಅಂದಳು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಭ್ಯಸ್ಥರು, ಓದಿದವರು, ಮನೆಯ ದೇವರ ಕೋಣೆಗೆ ಊರಿನಿಂದ ನಂದಿ ತರಿಸಿಕೊಂಡವರು, ಹಲ್ಲು ಕಿರಿದು ನಕ್ಕರು, ಒಬ್ಬರು ಇನ್ನೊಮ್ಮೆ ಹಾಕಿ ಅಂದರು. ಆ ಮುಖಗಳನ್ನು ಇವತ್ತಿಗೂ ಎಲ್ಲಿ ಕಂಡರೂ ನಾನು ಮಾತಾಡಿಸುವುದಿಲ್ಲ. ನಾಣ್ಯ ಬಿದ್ದ ಟಿಣ್ ಸದ್ದು ಕೇಳಿದಾಗ ಅಪ್ಪ ತಟ್ಟೆ ಕೆಳಗಿಟ್ಟ. ಸೋಫಾದ ತುದಿಯಲ್ಲಿ ಕೂತಿದ್ದ ಅಜ್ಜಿ ಮಾತ್ರ ಟಿವಿಯಲ್ಲಿದ್ದ ತನ್ನನ್ನೇ ನೋಡುತ್ತ, "ಅಷ್ಟ್ ಹೊತ್ತರ ಅದರ ಮ್ಯಾಲ ಯಾರೂ ಕಾಲಿಡಲಿಲ್ಲ" ಅಂದಳು.

ಮನೆಗೆ ಬಂದು ಅಪ್ಪ, ಕಾಕಾ ಆಡಿದ ಮಾತುಗಳನ್ನು ನಾನು ಬರೆಯುವುದಿಲ್ಲ. ಒಮ್ಮೆ ಆಡಿದರೆ ವಾಪಸ್ ಬರದಂಥವು. ಅವಳು ನಿನಗೆ ಅವ್ವ ಆದ ಮೇಲೆ ನನಗೂ ಅವ್ವ ಅಲ್ಲವಾ ಎಂದು ಕಾಕಾ ಅತ್ತದ್ದು ಮಾತ್ರ ನೆನಪಿದೆ. ಆಮೇಲೆ ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡಿದರು. ಅವ್ವ ಅಡುಗೆ ಮುಗಿಸಿ ಮೇಲೆ ಹೋದ ಮೇಲೆ ಕಾಕು ಕೆಳಗೆ ಬರುತ್ತಿದ್ದಳು. ಫ್ರಿಜ್ಜಿನಲ್ಲಿ ಹಾಲಿನ ಕ್ಯಾನು ಎರಡಾದವು. ಅಜ್ಜಿ ಎರಡೂ ಕಡೆಯ ಅಡುಗೆಯಿಂದ ಒಂದೊಂದು ತುತ್ತು ಉಂಡು ಚಳಿಗಾಲ ಕಳೆದಳು. ಕೊನೆಗೆ ಒಂದು ಬೆಳಗ್ಗೆ ಮಕ್ಕಳಿಬ್ಬರನ್ನೂ ಕರೆದು, ಒಲಿ ಬ್ಯಾರೆ ಮಾಡ್ರಿ ಅಂದಳು. ಕಾಕಾ ಕೆನ್ಮೋರಿನಲ್ಲಿ ಮನೆ ಹಿಡಿದ. ಅಜ್ಜಿ ನಮ್ಮ ಜೊತೆಯೇ ಉಳಿಯುತ್ತಾಳೆ, ಅದನ್ನು ಕೇಳುವುದೇನಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ತನ್ನ ಹಂಚು, ಪರಾತ, ಸೀರೆಗಳನ್ನು ಕಟ್ಟಿ ಕಾಕುವಿನ ಕಾರಿನಲ್ಲಿ ಇಡಿಸಿದಳು. ನಾನು ಅವಳ ಸೆರಗು ಹಿಡಿದುಕೊಂಡು, ನಿನ್ನನ್ನು ನೋಡಿ ನಕ್ಕವಳ ಮನೆಗೆ ಹೋಗುತ್ತೀಯಾ ಎಂದು ಚೀರಾಡಿದೆ. ಅಜ್ಜಿ ನನ್ನ ಕೈ ಬಿಡಿಸಿದಳು. "ನಾ ಇಲ್ಲೇ ಉಳಿದ್ರ, ಅತ್ತೀನ್ನ ಬಿಟ್ಟು ಹೋದಾಕಿ ಅಂತ ಆಕೀನ್ನ ಜನ್ಮಪೂರ್ತಿ ಅಂತೀರಿ. ಆಕಿ ಕೂಡ ಹೋದ್ರ ಯಾರೂ ಏನೂ ಅನ್ನಾಕ ಬರಂಗಿಲ್ಲ." ಕಾಕು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ನನಗೆ ಕನಿಕರ ಬರಲಿಲ್ಲ, ಈಗಲೂ ಬಂದಿಲ್ಲ.

ಅಜ್ಜಿ ತೀರಿಹೋಗಿ ಆರೇಳು ವರ್ಷವಾಯಿತು. ಕೆಂಟ್‌ನ ಮನೆಯನ್ನು ಅಪ್ಪ ಮಾರಿದ. ಕೊಂಡವರು ಅಡುಗೆಮನೆಯ ಗೋಡೆ ಕೆಡವಿ ಹಾಲಿಗೆ ಸೇರಿಸಿದರು ಎಂದು ಕೇಳಿದೆ. ಅಣ್ಣತಮ್ಮಂದಿರು ಈಗ ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ, ಎರಡೂ ಕಡೆಯಿಂದ ಹವಾಮಾನದ ಸುದ್ದಿ. ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಅವರು ಬೇರೆಯಾದ ಮೇಲಿನ ಮೊದಲ ಭಾನುವಾರ. ಅವ್ವ ನನ್ನನ್ನು ಕೆನ್ಮೋರಿನ ಮನೆಯ ಬಾಗಿಲಲ್ಲಿ ಇಳಿಸಿ, ತಾನು ಒಳಗೆ ಬರದೆ ಹೊರಟುಹೋದಳು. ಬಾಗಿಲು ತೆರೆದದ್ದು ಅಜ್ಜಿಯೇ. ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಮುಟ್ಟಿ, ಕೂಡ್ರವಾ ಎಂದು ಕುರ್ಚಿ ತೋರಿಸಿ ಒಳಗೆ ಹೋದಳು. ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಒಂದು ಚೂರು ಬೆಲ್ಲ ತಂದು ನನ್ನ ಮುಂದಿಟ್ಟಳು. ನಮ್ಮ ಕಡೆ ಮನೆಗೆ ಬಂದ ಬೀಗರಿಗೆ, ಪರಸ್ಥಳದವರಿಗೆ ಮೊದಲು ಹೀಗೆ ಕೊಡುತ್ತಾರೆ. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಅಲ್ಲಿಯವರೆಗೆ ನನಗೆ ನೀರಡಿಸಿದರೆ ನಾನೇ ಎದ್ದು ಹೋಗಿ ಕುಡಿಯುತ್ತಿದ್ದೆ.